ಕೊಲೆಯ ದೃಶ್ಯ ಏಕೆ ತಟ್ಟುತ್ತಿಲ್ಲ?

ನೀವು ಆಡಿಸುತ್ತಿರುವ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದಲ್ಲಿ ರಾಜನ ಕೊಲೆ ಪ್ರೇಕ್ಷಕರಿಗೆ ತಟ್ಟದಿರಲು ಕಾರಣ, ಸಮಯ ಉಳಿಸಲೆಂದು ಕುಡುಕ ಕಾವಲುಗಾರನ ದೃಶ್ಯವನ್ನು ಕತ್ತರಿಸಿದ್ದೇ ಇರಬೇಕು. ಮೊದಲು ಅದನ್ನು ಮರಳಿ ಸೇರಿಸಿ. ಕೊಲೆಯನ್ನು ರಂಗದ ಮೇಲೆ ತೋರಿಸಬೇಡಿ. ಶೇಕ್ಸ್‌ಪಿಯರ್ ಕೂಡ ಅದನ್ನು ತೆರೆಮರೆಯಲ್ಲೇ ಇಟ್ಟಿದ್ದಾನೆ. ಕೊಲೆಗೆ ಸಂಚು ಹೂಡಿದ ಮ್ಯಾಕ್‌ಬೆತ್ ದಂಪತಿಯ ನೆತ್ತರು ಮೆತ್ತಿದ ಕೈಗಳ ಮೇಲಷ್ಟೇ ಬೆಳಕು ಬೀಳಲಿ, ಸಂಗೀತ ಪೂರ್ತಿ ನಿಲ್ಲಲಿ. ಆ ಮೌನದೊಳಗೆ ಬಾಗಿಲು ಬಡಿಯುವ ಸದ್ದು. ಮೈಸೂರಿನಲ್ಲಿ ನಾವು ಆಡಿದಾಗ ದಪ್ಪ ಹಲಗೆಯನ್ನು ಒನಕೆಯಿಂದ ಬಡಿದೆವು. ಧ್ವನಿಮುದ್ರಿತ ಸದ್ದಿಗೆ ಆ ಭಾರ ಬರಲೇ ಇಲ್ಲ. ಕಾವಲುಗಾರ ಆಕಳಿಸುತ್ತ, ತಡವರಿಸುತ್ತ ಬರಲಿ, ಜನ ಮನಸಾರೆ ನಗಲಿ. ಆ ನಗು ಆರುವ ಮೊದಲೇ ರಾಜನ ಶವ ಕಂಡ ಸರದಾರ ಮ್ಯಾಕ್‌ಡಫ್ ಚೀರುತ್ತ ಹೊರಬರಬೇಕು. ನಡುವಿನ ಮಾತುಕತೆಯನ್ನು ಮೊಟಕುಗೊಳಿಸಿ. ಮೌನ ಎಷ್ಟು ಹೊತ್ತೆಂದು ಇಲ್ಲಿಂದ ಹೇಳಲಾರೆ. ರಂಗಾಯಣದ ವನರಂಗದಂಥ ಬಯಲಿಗೆ ಒಂದು ಲೆಕ್ಕ, ನಿಮ್ಮ ಮಂಡ್ಯದ ಸಭಾಂಗಣಕ್ಕೆ ಇನ್ನೊಂದು. ತಾಲೀಮಿನ ದಿನ ಕೊನೆಯ ಸಾಲಿನಲ್ಲಿ ಕುಳಿತು ಅಳೆಯಿರಿ.