ಇಂಚಿಂಚು ತೆವಳಿದರೆ ಕ್ಲಚ್ ಸುಡುತ್ತದೆ: ಗೇರ್‌ಬಾಕ್ಸ್ ಪ್ರಶ್ನೆಗಳಿಗೆ ಉತ್ತರ

ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಎರಡು ಸಾಲಿನ ಉತ್ತರ ಕೊಟ್ಟು ಪ್ರಯೋಜನವಾಗಿಲ್ಲ. ಹಾಗಾಗಿ ಈ ಸಲ ಜಾಗವೆಲ್ಲ ಅದಕ್ಕೇ ಹೋಗಿದೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ. ಪಿ, ಆರ್, ಎನ್, ಡಿ ಅಂದರೇನು ಎಂದು ಇಲ್ಲಿ ವಿವರಿಸುವುದಿಲ್ಲ. ಅದು ಗಾಡಿಯ ಜತೆ ಕೊಟ್ಟ ಪುಸ್ತಕದಲ್ಲಿದೆ, ಒಮ್ಮೆ ತೆಗೆದು ಓದಿ.

ಪ್ರಶ್ನೆ: ನನ್ನದು 1.5 ಲೀಟರ್ ಟರ್ಬೊ ಪೆಟ್ರೋಲ್, ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. 38,000 ಕಿ.ಮೀ. ಓಡಿದೆ. ಮನೆ ಬೆಳ್ಳಂದೂರು, ಕೆಲಸ ಎಲೆಕ್ಟ್ರಾನಿಕ್ ಸಿಟಿ. ಸಿಲ್ಕ್ ಬೋರ್ಡ್ ಮುಟ್ಟುವಷ್ಟರಲ್ಲಿ, ನಿಂತ ಗಾಡಿ ಹೊರಡುವಾಗೆಲ್ಲ ಗಡಗಡ ನಡುಗುತ್ತದೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಏರು ಹತ್ತುವಾಗಲೂ ಒಮ್ಮೊಮ್ಮೆ ಹೀಗೇ. ಗೇರ್ ಆಯಿಲ್ ಬದಲಿಸಿದರೆ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಸಿಗ್ನಲ್‌ನಲ್ಲೆಲ್ಲ ನ್ಯೂಟ್ರಲ್‌ಗೆ ಹಾಕು ಎಂದು ಗೆಳೆಯರು ಹೇಳುತ್ತಾರೆ. ಈ ಗೇರ್‌ಬಾಕ್ಸೇ ಸರಿಯಿಲ್ಲವೇ?
— ಬೆಂಗಳೂರಿನ ಓದುಗರು

ಮೊದಲು ಎಣ್ಣೆಯ ಮಾತು ಮುಗಿಸೋಣ, ದುಡ್ಡು ಹಾಳಾಗುತ್ತಿರುವುದು ಅಲ್ಲೇ. ನಿಮ್ಮ ಕಾರಿನಲ್ಲಿರುವುದು ಡಿಕ್ಯೂ200 ಎಂಬ ಮಾದರಿಯ ಡಿಎಸ್‌ಜಿ, ಅಂದರೆ ಒಣ ಕ್ಲಚ್. ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿಲ್ಲ. ಮ್ಯಾನ್ಯುವಲ್ ಗಾಡಿಯ ಕ್ಲಚ್ಚಿನ ಹಾಗೆ ಹೌಸಿಂಗ್ ಒಳಗೆ ಗಾಳಿಯಲ್ಲೇ ತಿರುಗುತ್ತವೆ. ಇದರಲ್ಲಿ ಎಣ್ಣೆ ಎರಡು ಕಡೆ ಇದೆ: ಗೇರುಗಳ ಕಡೆ ಸುಮಾರು 1.7 ಲೀಟರ್, ಗೇರ್ ಬದಲಿಸುವ ಮೆಕಾಟ್ರಾನಿಕ್ ಘಟಕದಲ್ಲಿ ಸುಮಾರು 1 ಲೀಟರ್. ಈ ಎರಡು ಎಣ್ಣೆಯೂ ಕ್ಲಚ್ಚನ್ನು ಮುಟ್ಟುವುದಿಲ್ಲ. ಎಣ್ಣೆ ಬದಲಿಸಿ ನಡುಕ ನಿಲ್ಲಿಸುತ್ತೇನೆ ಎನ್ನುವವರಿಗೆ ಈ ಪೆಟ್ಟಿಗೆಯ ಒಳಗೇನಿದೆ ಎಂದೇ ಗೊತ್ತಿಲ್ಲ, ಅವರ ಕೈಗೆ ಗಾಡಿ ಕೊಡಬೇಡಿ. ಆರು ಗೇರಿನ ಡಿಕ್ಯೂ250 ಬೇರೆ ಜಾತಿಯದು. ಅದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಅದಕ್ಕೆ 60,000 ಕಿ.ಮೀ.ಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಿಸಲೇಬೇಕು. ಅಲ್ಲಿನ ನಿಯಮ ತಂದು ಇಲ್ಲಿಗೆ ಹಚ್ಚಿದ್ದರಿಂದಲೇ ಈ ಗೊಂದಲ ಹುಟ್ಟಿದ್ದು.

ಇನ್ನು ನಡುಕ. ಇದರಲ್ಲಿ ಎರಡು ಕ್ಲಚ್: ಒಂದು, ಮೂರು, ಐದು, ಏಳನೇ ಗೇರಿಗೆ ಕೆ1, ಎರಡು, ನಾಲ್ಕು, ಆರು ಮತ್ತು ರಿವರ್ಸ್‌ಗೆ ಕೆ2. ನಿಂತ ಗಾಡಿಯನ್ನು ಎಬ್ಬಿಸುವ ಕೂಲಿ ಪೂರ್ತಿ ಕೆ1ನದು. ಒಂದನೇ ಗೇರಿನಲ್ಲಿ ಐಡಲ್ ವೇಗಕ್ಕೆ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಚಕ್ರ ತಿರುಗಿದರೆ ಗಾಡಿ ಗಂಟೆಗೆ ಸುಮಾರು 6 ಕಿ.ಮೀ. ಓಡುತ್ತದೆ. ಅದಕ್ಕಿಂತ ನಿಧಾನವಾಗಿ ಸಾಗುವಷ್ಟೂ ಹೊತ್ತು ಕ್ಲಚ್ ಪೂರ್ತಿ ಕಚ್ಚಿಕೊಳ್ಳುವಂತಿಲ್ಲ, ಕಚ್ಚಿದರೆ ಎಂಜಿನ್ ಬಂದ್ ಆಗುತ್ತದೆ. ಹಾಗಾಗಿ ಕಂಪ್ಯೂಟರ್ ಅದನ್ನು ಅರ್ಧಂಬರ್ಧ ಒತ್ತಿ ಜಾರಿಸುತ್ತಿರುತ್ತದೆ. ಮ್ಯಾನ್ಯುವಲ್ ಓಡಿಸುವವರು ‘ಹಾಫ್ ಕ್ಲಚ್’ ಅನ್ನುವುದು ಇದನ್ನೇ. ಅಲ್ಲಿ ಎಡಗಾಲು ನೋಯುವುದರಿಂದಾದರೂ ತಪ್ಪು ಗೊತ್ತಾಗುತ್ತದೆ. ಇಲ್ಲಿ ಕಾಲು ಹಾಯಾಗಿರುತ್ತದೆ, ಪ್ಲೇಟು ಸವೆಯುತ್ತಿರುತ್ತದೆ.

ಎಷ್ಟು ಬಿಸಿಯಾಗುತ್ತದೆ? ನಿಮ್ಮ ಬೇಸ್‌ಮೆಂಟನ್ನೇ ತೆಗೆದುಕೊಳ್ಳಿ. ಏರು ಹತ್ತಕ್ಕೆ ಒಂದು ಇದೆ ಎಂದಿಟ್ಟುಕೊಳ್ಳೋಣ, ಗಾಡಿ ಮತ್ತು ನೀವು ಸೇರಿ 1,300 ಕೆ.ಜಿ. ಗೇಟು ತೆರೆಯುವವರೆಗೆ ನೀವು ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ ಗಾಡಿಯನ್ನು ಹಿಂದೆ ಜಾರದಂತೆ ಹಿಡಿದು ನಿಲ್ಲಿಸುತ್ತೀರಿ. ಇದಕ್ಕೆ ಚಕ್ರದಲ್ಲಿ ಸುಮಾರು 380 ನ್ಯೂಟನ್ ಮೀಟರ್ ತಿರುಗುಬಲ (ಟಾರ್ಕ್) ಬೇಕು. ಒಂದನೇ ಗೇರಿನ ಒಟ್ಟು ಅನುಪಾತ 16ರ ಆಸುಪಾಸು (ಚಕ್ರದ ಒಂದು ಸುತ್ತಿಗೆ ಎಂಜಿನ್ 16 ಸುತ್ತು) ಇರುವುದರಿಂದ ಕ್ಲಚ್ ಮೇಲೆ ಬೀಳುವುದು 24 ನ್ಯೂಟನ್ ಮೀಟರ್. ಎಂಜಿನ್ 1,000 ಆರ್‌ಪಿಎಂನಲ್ಲಿ ತಿರುಗುತ್ತಿದೆ, ಚಕ್ರ ನಿಂತಿದೆ. ಗುಣಿಸಿದರೆ 2.5 ಕಿಲೊವ್ಯಾಟ್. ಅಡುಗೆಮನೆಯ ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ ಕೊಡುವುದು 2 ಕಿಲೊವ್ಯಾಟ್. ಆ ಒಲೆಗಿಂತ ಹೆಚ್ಚಿನ ಶಾಖ ಮುಚ್ಚಿದ ಡಬ್ಬಿಯೊಳಗಿನ ನಾಲ್ಕೈದು ಕೆ.ಜಿ. ಕಬ್ಬಿಣದ ಮೇಲೆ ಬೀಳುತ್ತಿದೆ. ಒಂದು ನಿಮಿಷ ಹೀಗೆ ನಿಂತರೆ ಅದರ ತಾಪ 60 ಡಿಗ್ರಿಯಷ್ಟು ಏರುತ್ತದೆ. ಗೇಟಿನವರು ಬರುವುದು ತಡವಾದರೆ? ಅಲ್ಲಿಂದ ಹೊರಬಿದ್ದ ಮೇಲೆ ರಿಂಗ್ ರೋಡಿನ ಮುಕ್ಕಾಲು ಗಂಟೆಯ ತೆವಳಾಟ ಬೇರೆ. ಒಣ ಕ್ಲಚ್ಚಿಗೆ ಬಿಸಿ ಹೊರಹಾಕಲು ಗಾಳಿಯೊಂದೇ ದಾರಿ, ಅದೂ ಹೌಸಿಂಗ್ ಒಳಗೇ ಸುತ್ತುವ ಗಾಳಿ.

ಹೀಗೆ ಪದೇ ಪದೇ ಕಾದರೆ ಪ್ಲೇಟಿನ ಲೈನಿಂಗ್, ಅಂದರೆ ಹಿಡಿತ ಕೊಡುವ ಪದರದ ಮೇಲ್ಮೈ ಗಾಜಿನ ಹಾಗೆ ನುಣುಪಾಗಿ ಹೊಳೆಯತೊಡಗುತ್ತದೆ. ಆಮೇಲೆ ಅದು ಸಮನಾಗಿ ಹಿಡಿಯುವುದಿಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ನಿಮ್ಮ ಸೀಟಿಗೆ ಬರುತ್ತಿರುವ ಗಡಗಡ ಅದೇ.

ದುಡ್ಡು ಸುರಿಯುವ ಮುನ್ನ ನೀವೇ ಪರೀಕ್ಷಿಸಿ. ಬೆಳಿಗ್ಗೆ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಡಿಗೆ ಹಾಕಿ ಬ್ರೇಕ್ ಪೂರ್ತಿ ಬಿಡಿ, ಆಕ್ಸಿಲರೇಟರ್ ಮುಟ್ಟಬೇಡಿ. ನಡುಗುತ್ತದೆಯೇ ನೋಡಿ. ರಿವರ್ಸ್‌ನಲ್ಲೂ ಹಾಗೇ ಮಾಡಿ. ಮುಂದಕ್ಕೆ ಹೋಗುವಾಗ ಮಾತ್ರ ನಡುಗಿದರೆ ಅನುಮಾನ ಕೆ1 ಮೇಲೆ. ಎರಡೂ ಕಡೆ ನಡುಗಿದರೆ ಎಂಜಿನ್ ಕೂರಿಸಿರುವ ರಬ್ಬರ್ ಮೌಂಟ್‌ಗಳನ್ನು ಮೊದಲು ನೋಡಿಸಿ. ಹರಿದ ಮೌಂಟನ್ನು ಕ್ಲಚ್ ಎಂದು ತಿಳಿದು ದೊಡ್ಡ ಬಿಲ್ ಕಟ್ಟಿದವರಿದ್ದಾರೆ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿದ ಮೇಲೆ ಇದನ್ನೇ ಮತ್ತೆ ಮಾಡಿ. ಬಿಸಿಯಾದಾಗ ಮಾತ್ರ ನಡುಗಿ, ತಣ್ಣಗಿದ್ದಾಗ ಸರಿಯಿದ್ದರೆ ಇನ್ನೂ ಕೈಮೀರಿಲ್ಲ.

ಆಮೇಲೆ ಸ್ಕ್ಯಾನರ್ ಇರುವ ಕಡೆ ಹೋಗಿ ಕೆ1, ಕೆ2 ಎರಡರ ಅಡಾಪ್ಟೇಶನ್ ಮೌಲ್ಯಗಳನ್ನು (ಸವೆತಕ್ಕೆ ತಕ್ಕಂತೆ ಕಂಪ್ಯೂಟರ್ ಹೊಂದಿಸಿಕೊಂಡ ಅಂಕಿಗಳು) ಓದಿಸಿ, ಬರೆದುಕೊಡಲು ಕೇಳಿ ಪಡೆಯಿರಿ. ಮಿತಿಯೊಳಗಿದ್ದರೆ ಬೇಸಿಕ್ ಸೆಟ್ಟಿಂಗ್, ಅಂದರೆ ಕಂಪ್ಯೂಟರ್‌ಗೆ ಕ್ಲಚ್ಚಿನ ಹಿಡಿತವನ್ನು ಹೊಸದಾಗಿ ಕಲಿಸುವ ಕೆಲಸ, ಮತ್ತೆ ಮಾಡಿಸಿದರೆ ಸಾಕಾಗಬಹುದು. ಎಣ್ಣೆ ಹದವಾಗಿ ಬಿಸಿಯಿರುವಾಗ, ಗಾಡಿ ಪಿನಲ್ಲಿ ನಿಂತಿರುವಾಗ ಮಾಡುವ ಕೆಲಸ ಅದು, ಬಳಿಕ ಒಂದು ಟೆಸ್ಟ್ ಡ್ರೈವ್ ಇರುತ್ತದೆ. ಬ್ಯಾಟರಿ ವೈರ್ ಹತ್ತು ನಿಮಿಷ ಬಿಚ್ಚಿಟ್ಟರೆ ರಿಪೇರಿ ಆಗುತ್ತದೆ ಎಂದು ವಿಡಿಯೊ ಮಾಡುವವರ ಮಾತು ಕೇಳಬೇಡಿ. ಸವೆದ ಲೈನಿಂಗ್ ಅದರಿಂದ ವಾಪಸ್ ಬೆಳೆಯುವುದಿಲ್ಲ. ಮಿತಿ ದಾಟಿದ್ದರೆ ಕ್ಲಚ್ ಪ್ಯಾಕ್ ಬದಲಿಸಲೇಬೇಕು. ಆಗ ಎರಡು ಕ್ಲಚ್, ಫೋರ್ಕ್, ಬೇರಿಂಗ್ ಎಲ್ಲ ಸೇರಿದ ಪೂರ್ತಿ ಕಿಟ್ ಹಾಕಿಸಿ. ಹೊಸ ಪ್ಯಾಕಿಗೆ ಅಳತೆ ನೋಡಿ ಶಿಮ್ (ಸಂದು ಸರಿಹೊಂದಿಸುವ ತೆಳು ಬಳೆ) ಆರಿಸಬೇಕಾಗುತ್ತದೆ, ಅದಕ್ಕೆ ಪ್ರತ್ಯೇಕ ಗೇಜ್ ಮತ್ತು ಟೂಲ್ ಇವೆ. ‘ಹಳೇ ಶಿಮ್ಮೇ ಸಾಕು ಸಾರ್’ ಅಂದ ಕ್ಷಣ ಗಾಡಿ ಕೀ ವಾಪಸ್ ತೆಗೆದುಕೊಂಡು ಬನ್ನಿ. ಅಳತೆ ತಪ್ಪಿದರೆ ಹೊಸ ಪ್ಯಾಕೂ ಕೆಲವೇ ದಿನಗಳಲ್ಲಿ ನಡುಗುತ್ತದೆ.

ಓಡಿಸುವ ರೀತಿ ಬದಲಾಗದಿದ್ದರೆ ಇದೆಲ್ಲ ಮಾಡಿಯೂ ದಂಡ. ಮುಂದಿನ ಗಾಡಿ ಅರ್ಧ ಅಡಿ ಸರಿದ ಕೂಡಲೇ ನೀವೂ ಸರಿಯಬೇಡಿ. ಎರಡು ಕಾರಿನಷ್ಟು ಜಾಗ ಬಿಡಲಿ. ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಹದವಾಗಿ ಒತ್ತಿ 8–10 ಕಿ.ಮೀ. ವೇಗ ಮುಟ್ಟಿಸಿ. ಅಲ್ಲಿ ಕ್ಲಚ್ ಪೂರ್ತಿ ಕಚ್ಚುತ್ತದೆ, ಜಾರಾಟ ಮುಗಿಯುತ್ತದೆ. ಮತ್ತೆ ನಿಲ್ಲಬೇಕಾದಾಗ ಬ್ರೇಕ್ ಗಟ್ಟಿಯಾಗಿ ಒತ್ತಿ ಪೂರ್ತಿ ನಿಲ್ಲಿ. ಗಟ್ಟಿಯಾಗಿ ಒತ್ತಿದರೆ ಕ್ಲಚ್ ತೆರೆದುಕೊಳ್ಳುತ್ತದೆ. ಪೆಡಲನ್ನು ಮೆಲ್ಲಗೆ ಸವರುತ್ತ ಸಾಗಿದರೆ ಒಂದು ಕಡೆ ಕ್ಲಚ್ ತಳ್ಳುತ್ತದೆ, ಇನ್ನೊಂದು ಕಡೆ ಬ್ರೇಕ್ ಹಿಡಿಯುತ್ತದೆ. ನಡುವೆ ಲೈನಿಂಗ್ ಸಾಯುತ್ತದೆ. ನೀವು ಬಿಟ್ಟ ಜಾಗಕ್ಕೆ ಆಟೊರಿಕ್ಷಾ ನುಗ್ಗುತ್ತದೆ, ನಿಜ. ನುಗ್ಗಲಿ, ನಿಮ್ಮ ಕ್ಲಚ್ ಪ್ಯಾಕಿನ ಬೆಲೆ ಅದಕ್ಕಿಂತ ಬಹಳ ದೊಡ್ಡದು. ಏರಿನಲ್ಲಿ ನಿಂತಾಗ ಆಟೊ ಹೋಲ್ಡ್ (ನಿಂತ ಗಾಡಿಗೆ ತಾನೇ ಬ್ರೇಕ್ ಹಿಡಿದಿಡುವ ಸೌಲಭ್ಯ) ಅಥವಾ ಹ್ಯಾಂಡ್ ಬ್ರೇಕ್ ಬಳಸಿ, ಆಕ್ಸಿಲರೇಟರಿನಿಂದ ಗಾಡಿ ಹಿಡಿದು ನಿಲ್ಲಿಸುವುದನ್ನು ಇವತ್ತೇ ಬಿಡಿ.

ನಿಮ್ಮ ಗೆಳೆಯರ ನ್ಯೂಟ್ರಲ್ ಸಲಹೆಗೂ ಉತ್ತರ ಇದರಲ್ಲೇ ಬಂತು. ಬ್ರೇಕ್ ಗಟ್ಟಿಯಾಗಿ ಒತ್ತಿದ್ದರೆ ಕ್ಲಚ್ ಆಗಲೇ ಬಿಟ್ಟುಕೊಂಡಿರುತ್ತದೆ, ನ್ಯೂಟ್ರಲ್‌ನಿಂದ ಹೆಚ್ಚಿಗೆ ಸಿಗುವುದೇನಿಲ್ಲ. ಎರಡು ನಿಮಿಷದ ಸಿಗ್ನಲ್ ಇದ್ದರೆ ಹಾಕಿಕೊಳ್ಳಿ, ಹತ್ತು ಸೆಕೆಂಡಿಗೊಮ್ಮೆ ಎನ್, ಡಿ, ಎನ್, ಡಿ ಎಂದು ಲಿವರ್ ಎಳೆದಾಡಬೇಡಿ.

ಆಗುಂಬೆಯ 14 ಹೇರ್‌ಪಿನ್ ತಿರುವು ಹತ್ತುವಾಗ ಮುಂದೆ ಲಾರಿ ಕುಂಟುತ್ತಿದ್ದರೆ ಮ್ಯಾನ್ಯುವಲ್ ಮೋಡ್‌ಗೆ ಹಾಕಿ ಒಂದನೇ ಗೇರಿನಲ್ಲೇ ಇರಿ, ಅಂತರ ಬಿಟ್ಟು ಸಾಗಿ. ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಬಂದರೆ ಸುರಕ್ಷಿತ ಜಾಗ ನೋಡಿ ಬದಿಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಪಿಗೆ ಹಾಕಿ, ಎಂಜಿನ್ ಆನ್ ಇರಲಿ. ಎಂಜಿನ್ ಜತೆ ತಿರುಗುವ ಭಾರದ ಚಕ್ರ, ಫ್ಲೈವೀಲ್, ತಿರುಗುತ್ತಿದ್ದರೆ ಹೌಸಿಂಗ್ ಒಳಗೆ ಗಾಳಿಯಾದರೂ ಆಡುತ್ತದೆ. ಎಚ್ಚರಿಕೆ ಮಾಯವಾದ ಕೂಡಲೇ ಹೊರಡಬೇಡಿ, ಇನ್ನೂ ಹತ್ತು ನಿಮಿಷ ಕಾಯಿರಿ. ಬಾನೆಟ್ ಎತ್ತಿ ನೀರು ಸುರಿಯುವವರನ್ನು ಹತ್ತಿರ ಸೇರಿಸಬೇಡಿ.

ಗೇರ್‌ಬಾಕ್ಸೇ ಕೆಟ್ಟದ್ದೇ ಎಂದು ಕೇಳಿದ್ದೀರಿ. ಇದರ ಮೆಕಾಟ್ರಾನಿಕ್ ಘಟಕಕ್ಕೆ ಹಳೆಯ ಕಳಂಕವೊಂದಿದೆ, ಮುಚ್ಚಿಡುವುದಿಲ್ಲ. 2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯವರು ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿ ಸಿಂಥೆಟಿಕ್ ಎಣ್ಣೆಯ ಬದಲು ಮಿನರಲ್ ಎಣ್ಣೆ ತುಂಬಿದರು. ಸಿಂಥೆಟಿಕ್ ಎಣ್ಣೆಯಿಂದ ಒಳಗೆ ಶಾರ್ಟ್ ಸರ್ಕ್ಯೂಟ್ ಆಗುವ ಭಯವಿತ್ತು. ಆ ತರಹದ ದೋಷದಲ್ಲಿ ಗೇರೇ ಬೀಳುವುದಿಲ್ಲ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ನಿಮ್ಮದು ಅದಲ್ಲ, ಬಿಸಿಯಾದ ಕ್ಲಚ್ಚಿನ ನಡುಕ. ದಿನವೂ ಎರಡೆರಡು ಗಂಟೆ 5 ಕಿ.ಮೀ. ವೇಗದಲ್ಲಿ ತೆವಳಲೇಬೇಕಾದವರು ಮುಂದಿನ ಗಾಡಿಗೆ ಒಣ ಕ್ಲಚ್ ತೆಗೆದುಕೊಳ್ಳಬೇಡಿ, ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ತೆಗೆದುಕೊಳ್ಳಿ ಎಂದೇ ನಾನು ಹೇಳುವುದು. ಅದರಲ್ಲಿ ಜಾರುವುದು ಎಣ್ಣೆ, ಆ ಎಣ್ಣೆಗೆ ಕೂಲರ್ ಇದೆ.

ಪ್ರಶ್ನೆ: ಇದೇ ಗೇರ್‌ಬಾಕ್ಸ್. ಸ್ಟೇಜ್ 1 ರೀಮ್ಯಾಪ್ (ಸಾಫ್ಟ್‌ವೇರ್ ಬದಲಿಸಿ ಎಂಜಿನ್ ಶಕ್ತಿ ಹೆಚ್ಚಿಸುವುದು) ಮಾಡಿಸಬಹುದೇ? ನಿಂತಲ್ಲಿಂದ ರೇಸಿನ ಹಾಗೆ ಚಿಮ್ಮಿಸುವ ಲಾಂಚ್ ಕಂಟ್ರೋಲ್ ಆಗಾಗ ಬಳಸಿದರೆ ತೊಂದರೆಯೇ?
— ಮೈಸೂರಿನ ಓದುಗರು

ಡಿಕ್ಯೂ200 ತಡೆಯುವ ಮಿತಿ 250 ನ್ಯೂಟನ್ ಮೀಟರ್. 1.5 ಎಂಜಿನ್ ಕಾರ್ಖಾನೆಯಿಂದ ಬರುವಾಗಲೇ 250 ಕೊಡುತ್ತದೆ. ಪಾತ್ರೆ ಕಂಠಮಟ್ಟ ತುಂಬಿದೆ, ಮೇಲೆ ಇನ್ನೇನು ಸುರಿಯುತ್ತೀರಿ? ಮಾಡಿಸಬೇಡಿ. ವಾರಂಟಿಯೂ ಹೋಗುತ್ತದೆ. ಲಾಂಚ್ ಕಂಟ್ರೋಲ್ ಎಷ್ಟು ಸಲ ಬಳಸಿದರೆ ಸರಿ ಎಂದು ಕೇಳುವವರಿಗೆ ನನ್ನ ಉತ್ತರ: ಒಮ್ಮೆಯೂ ಬೇಡ.

ಪ್ರಶ್ನೆ: ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದಲ್ಲವೇ?

ಉಳಿಯುವುದಿಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಷನ್ ಎಂಜಿನ್ ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್‌ಗಾಗಿ ಕುಡಿಯುತ್ತಲೇ ಇರುತ್ತದೆ. ಗೇರಿನ ಹಿಡಿತವಿಲ್ಲದೆ ಬ್ರೇಕ್ ಕಾದು ಕೆಲಸ ಬಿಟ್ಟರೆ ಕೆಳಗೆ ಕಣಿವೆಯಿದೆ. ಇದನ್ನು ಇನ್ನೊಮ್ಮೆ ಯಾರೂ ಕೇಳಬೇಡಿ.

ಪ್ರಶ್ನೆ: ಗೇರ್ ಆಯಿಲ್‌ಗೆ ಸೇರಿಸುವ ಅಡಿಟಿವ್ ಬಾಟಲಿ ಒಳ್ಳೆಯದೇ?

ಬೇಡ.

ಪ್ರಶ್ನೆ: ಗೇರುಗಳ ಬದಲು ಬೆಲ್ಟು, ಪುಲಿ ಇರುವ ಸಿವಿಟಿ ಆಟೊಮ್ಯಾಟಿಕ್‌ನಲ್ಲಿ ರಬ್ಬರ್ ಬೆಲ್ಟ್ ಇರುತ್ತದೆ, ಘಾಟಿಯಲ್ಲಿ ತುಂಡಾಗುತ್ತದೆ ಅನ್ನುತ್ತಾರೆ. ನಿಜವೇ?
— ಶಿವಮೊಗ್ಗದ ಓದುಗರು

ರಬ್ಬರ್ ಬೆಲ್ಟ್ ಇರುವುದು ಸ್ಕೂಟರಿನಲ್ಲಿ. ಕಾರಿನದು ನೂರಾರು ಉಕ್ಕಿನ ತುಣುಕು ಪೋಣಿಸಿದ ಬೆಲ್ಟ್. ಅದನ್ನು ಹಾಳು ಮಾಡುವುದು ಘಾಟಿಯಲ್ಲ, ತಪ್ಪು ಎಣ್ಣೆ. ಪುಸ್ತಕದಲ್ಲಿ ಬರೆದ ಸಿವಿಟಿ ಫ್ಲೂಯಿಡ್ ಬಿಟ್ಟು ಮಾಮೂಲಿ ಎಟಿಎಫ್ (ಬೇರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳ ಎಣ್ಣೆ) ಹಾಕಿದರೆ ಬೆಲ್ಟು ಪುಲಿಯ ಮೇಲೆ ಜಾರಿ ಗೆರೆ ಬೀಳುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಡಬ್ಬಿಯ ಸೀಲ್ ಒಡೆಯುವುದನ್ನು ಎದುರಿಗೆ ನಿಂತು ನೋಡಿ.

ಪ್ರಶ್ನೆ: ಮ್ಯಾನ್ಯುವಲ್ ಗಾಡಿ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ಒಂದನೇ ಗೇರಿನಲ್ಲೇ ನಿಂತಿರುತ್ತೇನೆ. ಪರವಾಗಿಲ್ಲವೇ?

ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸುಮ್ಮನೆ ತಿರುಗಿ ಸವೆಯುತ್ತದೆ. ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ. ಓಡಿಸುವಾಗ ಗೇರ್ ನಾಬ್ ಮೇಲೆ ಕೈ ಒರಗಿಸುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಆ ಭಾರ ಒಳಗೆ ಗೇರು ಸರಿಸುವ ಸೆಲೆಕ್ಟರ್ ಫೋರ್ಕ್ ಮೇಲೆ ಬೀಳುತ್ತದೆ.

ಪ್ರಶ್ನೆ: ಇಳಿಜಾರಿನಲ್ಲಿ ಪಾರ್ಕ್ ಮಾಡಿದ ಮೇಲೆ ಪಿಯಿಂದ ಲಿವರ್ ತೆಗೆಯುವಾಗ ‘ಟಕ್’ ಎಂದು ಜೋರು ಶಬ್ದ ಬರುತ್ತದೆ. ಗೇರ್ ಮುರಿಯುತ್ತಿದೆಯೇ?
— ಮಡಿಕೇರಿಯ ಓದುಗರು

ಇನ್ನೂ ಮುರಿದಿಲ್ಲ. ಪಿಗೆ ಹಾಕಿದಾಗ ಹೆಬ್ಬೆರಳಿನಷ್ಟು ದೊಡ್ಡ ಲೋಹದ ಕೊಂಡಿಯೊಂದು ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ನೀವು ನೇರ ಪಿಗೆ ಹಾಕಿ ಬ್ರೇಕ್ ಬಿಡುವುದರಿಂದ ಇಡೀ ಗಾಡಿಯ ಭಾರ ಅದರ ಮೇಲೆ ಕೂರುತ್ತದೆ. ಕ್ರಮ ಹೀಗಿರಲಿ: ಕಾಲಿನ ಬ್ರೇಕ್ ಒತ್ತಿ ನಿಲ್ಲಿಸಿ, ಎನ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆಯಿರಿ. ಕಾಲು ಮೆಲ್ಲಗೆ ಸಡಿಲಿಸಿ ಗಾಡಿ ಹ್ಯಾಂಡ್ ಬ್ರೇಕ್ ಮೇಲೆ ಕುಳಿತುಕೊಳ್ಳಲಿ. ಮತ್ತೆ ಕಾಲಿನ ಬ್ರೇಕ್ ಒತ್ತಿ ಪಿಗೆ ಹಾಕಿ. ಹೊರಡುವಾಗ ಕಾಲಿನ ಬ್ರೇಕ್ ಒತ್ತಿ ಮೊದಲು ಲಿವರ್, ಆಮೇಲೆ ಹ್ಯಾಂಡ್ ಬ್ರೇಕ್. ಹೀಗೆ ಮಾಡಿಯೂ ಶಬ್ದ ಬಂದರೆ ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲವಾಗಿದೆ, ಬಿಗಿ ಮಾಡಿಸಿ.