‘ಎ’ ಬೇಕಾ, ‘ಎಂ’ ಬೇಕಾ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ನಾನೂ ನನ್ನ ಗಂಡನೂ ಇಬ್ಬರೂ ಥಲಸ್ಸೆಮಿಯಾ (ವಂಶದಲ್ಲಿ ಬರುವ ರಕ್ತದ ಕಾಯಿಲೆ) ಕ್ಯಾರಿಯರ್, ಅಂದರೆ ರೋಗ ಇಲ್ಲ, ಅದರ ಕೆಟ್ಟ ಜೀನ್ ಒಂದು ಮಾತ್ರ ಇದೆ. ಮುಂದಿನ ತಿಂಗಳು ಐವಿಎಫ್ ಶುರು. ಪಿಜಿಟಿ-ಎ ಎಂಬ ಭ್ರೂಣದ ಪರೀಕ್ಷೆ ಮಾಡಿಸಿ, ಒಳ್ಳೆಯ ಭ್ರೂಣ ಆರಿಸಿ ಹಾಕುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಮಾಡಿಸಿದರೆ ಮಗುವಿಗೆ ಥಲಸ್ಸೆಮಿಯಾ ಬರುವುದಿಲ್ಲ ಅಲ್ವಾ? ಭ್ರೂಣದಿಂದ ಜೀವಕೋಶ ಕಿತ್ತರೆ ಮಗುವಿಗೆ ಊನ ಆಗುತ್ತದೆ ಅಂತ ಅತ್ತೆಗೆ ಭಯ.

ಉತ್ತರ: ಸಹಿ ಹಾಕುವ ಮುಂಚೆ ಪರೀಕ್ಷೆಯ ಒಪ್ಪಿಗೆ ಫಾರಂ ಇನ್ನೊಮ್ಮೆ ನೋಡಿ. ‘ಪಿಜಿಟಿ’ ಆದ ಮೇಲೆ ಕೊನೆಯ ಅಕ್ಷರ ‘ಎ’ ಇದೆಯೋ, ‘ಎಂ’ ಇದೆಯೋ? ಪಿಜಿಟಿ-ಎ ಬರೀ ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆಗಳು) ಎಣಿಸುತ್ತದೆ, 46 ಇವೆಯಾ, ಒಂದು ಹೆಚ್ಚೋ ಕಡಿಮೆಯೋ ಅಂತ. 21ನೆಯದು ಎರಡರ ಬದಲು ಮೂರಿದ್ದರೆ ಡೌನ್ ಸಿಂಡ್ರೋಮ್, ಅದು ಸಿಗುತ್ತದೆ. ಥಲಸ್ಸೆಮಿಯಾ ಸಿಗುವುದಿಲ್ಲ. ಪುಸ್ತಕದ ಪುಟ ಎಣಿಸಿದರೆ ಅಚ್ಚಿನ ತಪ್ಪು ಗೊತ್ತಾಗುತ್ತದಾ?

ನಿಮಗೆ ಬೇಕಿರುವುದು ಪಿಜಿಟಿ-ಎಂ, ಒಂದು ಜೀನ್‌ನ ತಪ್ಪನ್ನೇ ಹುಡುಕುವ ಪರೀಕ್ಷೆ. ಅದಕ್ಕೆ ಮೊದಲು ನಿಮ್ಮಿಬ್ಬರ ರಕ್ತ ಲ್ಯಾಬಿಗೆ ಹೋಗಬೇಕು, ಯಾರ ಜೀನ್‌ನಲ್ಲಿ ಯಾವ ಜಾಗ ಕೆಟ್ಟಿದೆ ಅಂತ ಗೊತ್ತಾದ ಮೇಲೆಯೇ ಭ್ರೂಣದಲ್ಲಿ ಅದನ್ನು ಹುಡುಕಲು ಆಗುವುದು, ಈ ತಯಾರಿಗೇ ಕೆಲವು ವಾರ ಹಿಡಿಯುತ್ತದೆ, ಹಾಗಾಗಿ ಇವತ್ತೇ ಕೇಳಿ. ಪ್ರತಿ ಭ್ರೂಣಕ್ಕೂ ರೋಗ ಬರುವ ಸಾಧ್ಯತೆ 25%. ನಿಮ್ಮ ಹಾಗೆ ಬರೀ ಕ್ಯಾರಿಯರ್ ಆಗುವುದು 50%. ರಿಪೋರ್ಟಿನಲ್ಲಿ ‘ಕ್ಯಾರಿಯರ್’ ಅಂತ ಬಂದ ಭ್ರೂಣವನ್ನು ಹೆದರಿ ಬಿಡಬೇಡಿ, ನೀವಿಬ್ಬರೂ ಅದನ್ನೇ ಇಟ್ಟುಕೊಂಡು ಬೆಳೆದವರಲ್ವಾ.

ಜೊತೆಗೆ ‘ಎ’ ಕೂಡ ಇರಲಿ ಅಂದರೆ? ನಿಮ್ಮ ವಯಸ್ಸಿಗೆ ನಾನು ಒತ್ತಾಯ ಮಾಡುವುದಿಲ್ಲ. 25ರಿಂದ 40 ವರ್ಷದವರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಅದರಿಂದ ಗರ್ಭ ನಿಲ್ಲುವ ಪ್ರಮಾಣ ಒಟ್ಟಾರೆ ಹೆಚ್ಚಾಗಲಿಲ್ಲ.

ಇನ್ನು ಅತ್ತೆಯವರಿಗೆ ಹೀಗೆ ಹೇಳಿ. ಐದಾರು ದಿನದ ಭ್ರೂಣ ಒಂದು ನೀರ್ಗುಳ್ಳೆ ಇದ್ದ ಹಾಗೆ. ಒಳಗೆ ಒಂದು ಮೂಲೆಗೆ ಅಂಟಿಕೊಂಡ ಪುಟ್ಟ ಗುಂಪು, ಅದೇ ಮಗು ಆಗುವುದು. ಹೊರಗಿನ ಪದರ ಮಾಸು ಆಗುತ್ತದೆ. ಲ್ಯಾಬಿನವರು ಆ ಹೊರಪದರದಿಂದ ಐದರಿಂದ ಹತ್ತು ಜೀವಕೋಶ ತೆಗೆದು ಭ್ರೂಣವನ್ನು ಫ್ರೀಜ್ ಮಾಡುತ್ತಾರೆ. ಕೈಕಾಲು ಕಡಿಮೆಯಾಗುವ ಮಾತೇ ಇಲ್ಲ. ಭ್ರೂಣಕ್ಕೇ ಪೆಟ್ಟಾಗಿ ಅದು ಗರ್ಭದಲ್ಲಿ ನಿಲ್ಲದಿರುವ ಅಪಾಯ ಸ್ವಲ್ಪ ಇದೆ, ಮಾಡುವವರ ಕೈ ಪಳಗಿರಬೇಕು. ತೆಗೆದದ್ದು ಕೆಲವೇ ಜೀವಕೋಶ ಆದ್ದರಿಂದ ಫಲಿತಾಂಶ ನೂರಕ್ಕೆ ನೂರು ಅಲ್ಲ. ಗರ್ಭ ನಿಂತು 15 ವಾರ ದಾಟಿದ ಮೇಲೆ ಆಮ್ನಿಯೋ (ಮಗುವಿನ ಸುತ್ತಲಿನ ನೀರಿನ ಪರೀಕ್ಷೆ) ಮಾಡಿಸಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಟೆಸ್ಟ್ ಮಾಡಿ ಎತ್ತರದ, ಬುದ್ಧಿವಂತ ಮಗುವನ್ನೇ ಆರಿಸಬಹುದಂತೆ, ನಿಜವಾ?

ಉತ್ತರ: ಮಾರುವವರು ಇದ್ದಾರೆ, ನಿಜ. ಎತ್ತರ ಒಂದಕ್ಕೇ ಸಾವಿರಾರು ಜಾಗದ ಜೀನ್ ಬದಲಾವಣೆಗಳು ಸೇರಿ ಕೆಲಸ ಮಾಡುತ್ತವೆ. ಕೈಯಲ್ಲಿರುವುದು ನಾಲ್ಕೈದು ಭ್ರೂಣ, ಅಷ್ಟೂ ನಿಮ್ಮಿಬ್ಬರದ್ದೇ. ಅದರಲ್ಲಿ ಆರಿಸಿದರೆ ಎಷ್ಟು ವ್ಯತ್ಯಾಸ ಬಂದೀತು? ಸುಮ್ನೆ ದುಡ್ಡು ದಂಡ.