ಆ ಹೇಳಿಕೆಯ ಮೇಲೆ ಬೆರಳಿಟ್ಟು ಓದಿ

ಪ್ರಿಯ ವಕೀಲ ಮಿತ್ರರೆ,

‘ಸ್ವಇಚ್ಛಾ ಹೇಳಿಕೆ ಎಂಬ ಸುಳ್ಳು’ ಲೇಖನ ತಲುಪಿತು. ಹನ್ನೊಂದು ಪುಟ. ಎರಡು ಸಲ ಓದಿದೆ, ಎರಡನೆಯ ಸಲ ಕೆಂಪು ಪೆನ್ನು ಹಿಡಿದು. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ‘ಸ್ಥಳಾಭಾವದಿಂದ’ ಎಂದು ಎರಡು ಸಾಲು ಗೀಚಿ ಕೈತೊಳೆದುಕೊಳ್ಳುವಂಥ ಬರಹವೂ ಅಲ್ಲ. ಅದಕ್ಕೇ ಈ ಉದ್ದದ ಪತ್ರ.

ನಿಮ್ಮ ವಾದವನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ಸಿಸಿಬಿ (ಕೇಂದ್ರ ಅಪರಾಧ ವಿಭಾಗ) ಪೊಲೀಸರು ಎಂಡಿಎಂಎ ಎಂಬ ಮಾದಕ ವಸ್ತುವಿನ ಸಮೇತ ಒಬ್ಬನನ್ನು ಹಿಡಿದರು, ಅವನು ಎ1, ಅಂದರೆ ಮೊದಲ ಆರೋಪಿ. ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆಯಲ್ಲಿ ನಿಮ್ಮ ಕಕ್ಷಿದಾರ ಹುಡುಗನ ಹೆಸರು ಬಂತು, ಹುಡುಗ ಎ4 ಆದ. ಅವನ ಜೇಬಿನಲ್ಲಾಗಲಿ ರೂಮಿನಲ್ಲಾಗಲಿ ಏನೂ ಸಿಗಲಿಲ್ಲ. ವಿಶೇಷ ನ್ಯಾಯಾಲಯ ಜಾಮೀನು ಕೊಡಲಿಲ್ಲ. ಸುಪ್ರೀಂ ಕೋರ್ಟಿನ 2020ರ ತೂಫಾನ್ ಸಿಂಗ್ ತೀರ್ಪಿನ ನಂತರ ಇಂಥ ಹೇಳಿಕೆಗಳಿಗೆ ಕಿಮ್ಮತ್ತಿಲ್ಲ, ಆದ್ದರಿಂದ ಜಾಮೀನು ನಿರಾಕರಣೆಯೇ ತಪ್ಪು ಎನ್ನುತ್ತೀರಿ.

ಭಾಷೆಯ ಮಾತು ಬೇಗ ಮುಗಿಸುತ್ತೇನೆ. ‘ಸದರಿ ಆರೋಪಿಯ ಮೇಲ್ಕಂಡ ಹೇಳಿಕೆಯ ಸಾಕ್ಷ್ಯಮೌಲ್ಯವು ಶೂನ್ಯವಾಗಿರುತ್ತದೆ ಎಂಬುದು ನಿರ್ವಿವಾದವಾಗಿರುತ್ತದೆ.’ ಇದು ಅರ್ಜಿಯ ಕನ್ನಡ. ಜಡ್ಜ್ ಸಾಹೇಬರಿಗೆ ಓದುವ ಕರ್ಮವಿದೆ, ನಮ್ಮ ಓದುಗರಿಗಿಲ್ಲ. ‘ಸದರಿ’ಗಳನ್ನೆಲ್ಲ ಹೊಡೆದುಹಾಕಿ, ಅರ್ಧ ಪುಟ ಉಳಿಯುತ್ತದೆ.

ನಿಜವಾದ ತಕರಾರು ಬೇರೆ. ಹನ್ನೊಂದು ಪುಟದುದ್ದಕ್ಕೂ ‘ಹೇಳಿಕೆ’ ಎನ್ನುತ್ತೀರಿ. ಯಾರು, ಯಾರ ಮುಂದೆ ಕೊಟ್ಟ ಹೇಳಿಕೆ? ಅದನ್ನು ಬಿಟ್ಟರೆ ಈ ವಿಷಯದಲ್ಲಿ ಹೇಳಲು ಉಳಿಯುವುದೇ ಕಡಿಮೆ.

ನಿಮ್ಮ ಹುಡುಗನ ಕೇಸು ಪೊಲೀಸರದ್ದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಅದನ್ನೇ ಹೇಳುತ್ತದೆ. ಅಂದರೆ ನಿಮಗೆ ತೂಫಾನ್ ಸಿಂಗ್ ಬೇಕಾಗಿಯೇ ಇರಲಿಲ್ಲ! ಆ ತೀರ್ಪು ಬಿಡಿಸಿದ್ದು ಬೇರೆಯದೇ ಗಂಟು. ಎನ್‌ಸಿಬಿ (ಮಾದಕ ವಸ್ತು ನಿಯಂತ್ರಣ ದಳ), ಡಿಆರ್‌ಐ (ಕಂದಾಯ ಗುಪ್ತಚರ ನಿರ್ದೇಶನಾಲಯ) ಥರದ ಇಲಾಖೆಗಳ ಅಧಿಕಾರಿಗಳು ಮಾದಕ ವಸ್ತುಗಳ ಕಾಯ್ದೆಯಾದ ಎನ್‌ಡಿಪಿಎಸ್ ಕಾಯ್ದೆಯ 67ನೇ ಕಲಮಿನಡಿ ಜನರನ್ನು ಕರೆಸಿ ಹೇಳಿಕೆ ಬರೆಸಿಕೊಳ್ಳುತ್ತಿದ್ದರು. ಇವರು ‘ಪೊಲೀಸ್ ಅಧಿಕಾರಿಗಳು’ ಅಲ್ಲ ಎಂದು 1990ರಲ್ಲಿ ಒಂದು ತೀರ್ಪು, ಆ ಹೇಳಿಕೆಯನ್ನು ತಪ್ಪೊಪ್ಪಿಗೆಯಾಗಿ ಬಳಸಬಹುದು ಎಂದು 2008ರಲ್ಲಿ ಇನ್ನೊಂದು. ಪರಿಣಾಮ ನೋಡಿ: ಒಬ್ಬನೇ ಹುಡುಗ, ಅದೇ ಮಾತು. ಸಿಸಿಬಿ ಇನ್‌ಸ್ಪೆಕ್ಟರ್ ಮುಂದೆ ಹೇಳಿದರೆ ಕಸ, ಎನ್‌ಸಿಬಿ ಅಧಿಕಾರಿ ಮುಂದೆ ಹೇಳಿದರೆ ಹತ್ತು ವರ್ಷ ಜೈಲಿಗೆ ಸಾಲುವ ಸಾಕ್ಷ್ಯ. 2020ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟಿನ ಮೂವರ ಪೀಠದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಈ ಭೇದವನ್ನು ತೆಗೆದುಹಾಕಿದರು, ಒಬ್ಬರು ಭಿನ್ನಮತ ಬರೆದರು. ಭಿನ್ನಮತ ಇತ್ತೆಂಬುದನ್ನೂ ನೀವು ಹೇಳಿಲ್ಲ. ನಮ್ಮ ಕಡೆಗೆ ಒದಗದ್ದನ್ನು ಮರೆಯುವ ಚಾಳಿ ವಕಾಲತ್ತಿನಲ್ಲಿ ನಡೆದೀತು.

ಲೇಖನದ ಹೂರಣ ಇಲ್ಲಿದೆ, ನೀವು ಇದನ್ನು ನಾಲ್ಕು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಇನ್ನು, ಎ1 ಕೊಟ್ಟ ಹೇಳಿಕೆ ಎ4ಗೆ ಹೇಗೆ ತಗಲುತ್ತದೆ? ಸಹ ಆರೋಪಿಯ ತಪ್ಪೊಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ಸರಿಯಾಗಿ ದಾಖಲಾಗಿ, ವಿಚಾರಣೆಯೂ ಒಟ್ಟಿಗೆ ನಡೆದರೂ, ಅದು ಮೂಲ ಸಾಕ್ಷ್ಯವಲ್ಲ. ಬೇರೆ ಸಾಕ್ಷ್ಯ ಮೊದಲು ನಿಲ್ಲಬೇಕು, ಆಮೇಲೆ ಇದು ಒತ್ತಾಸೆಗೆ ಬರಬಹುದು ಎಂದು 1964ರಲ್ಲೇ ಹರಿಚರಣ್ ಕುರ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಠಾಣೆಯಲ್ಲಿ ಬರೆಸಿದ್ದಕ್ಕೆ ಆ ಯೋಗ್ಯತೆಯೂ ಇಲ್ಲ.

ಇಲ್ಲಿಯವರೆಗೆ ಮಾತು ನಿಮ್ಮ ಪರವಾಗಿಯೇ ಇದೆ. ಈಗ ನಿಮ್ಮ ಆರನೆಯ ಪುಟಕ್ಕೆ ಬರೋಣ. ಹೇಳಿಕೆಯ ಪ್ರತಿಯಿಂದ ಒಂದು ಸಾಲು ಎತ್ತಿ ಕೊಟ್ಟಿದ್ದೀರಿ: ‘ನನ್ನ ಸಂಗಡ ಬಂದಲ್ಲಿ ಉಳಿದ ಮಾಲನ್ನು ಇಟ್ಟಿರುವ ಸ್ಥಳ ತೋರಿಸಿ ಹಾಜರುಪಡಿಸಿಕೊಡುತ್ತೇನೆ.’ ಪೊಲೀಸರ ಯಾಂತ್ರಿಕ ಭಾಷೆ ಎಂದು ನಕ್ಕು ಮುಂದೆ ಹೋಗಿದ್ದೀರಿ. ಯಾಂತ್ರಿಕ ಹೌದು, ಅರ್ಥವಿಲ್ಲದ್ದಲ್ಲ. ಇಡೀ ಹೇಳಿಕೆ ಬಿದ್ದುಹೋದರೂ ಇದೊಂದು ಸಾಲು ಬದುಕಲಿ ಎಂದೇ ಅದನ್ನು ಬರೆಸುವುದು. ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ಹಳೆಯ 27ನೇ ಕಲಂ ಅದು, ಈಗ 23ರಲ್ಲೇ ಸೇರಿದೆ. ಕೊನೆಯಲ್ಲಿ ‘ಓದಿ ಹೇಳಲಾಗಿ ಕೇಳಿದೆನು, ಸರಿಯಾಗಿರುತ್ತದೆ’, ಅದರ ಕೆಳಗೊಂದು ಸಹಿ. ಆ ಸಾಲು ಮತ್ತು ಆ ಸಹಿ, ಇವೆರಡರ ಮೇಲೇ ಎರಡು ಪುಟ ಬರೆಯಬಹುದಿತ್ತು. ಮಹಜರಿಗೆ ಸಾಕ್ಷಿಯಾಗಿ ನಿಂತ ಪಂಚರು ಯಾರು, ಮಾಲು ಸಿಕ್ಕಿದ್ದು ಸಹಿಯ ಮೊದಲೋ ಆಮೇಲೋ, ಹೇಳಿಕೆಯ ಹೊತ್ತು ಎಷ್ಟೆಂದು ಬರೆದಿದೆ? ಓದುಗರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುವುದು ಇಂಥಲ್ಲಿ. ನೀವು ಆ ಜಾಗದಲ್ಲಿ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಮೇಲೆ ಭಾಷಣ ಬಿಗಿದಿದ್ದೀರಿ.

ಜಾಮೀನಿನ ವಿಚಾರಕ್ಕೆ ಬಂದರೆ, ‘ಹೇಳಿಕೆ ಬಿತ್ತು, ಆದ್ದರಿಂದ ಜಾಮೀನು’ ಎಂದಿದ್ದೀರಿ. ಆ ‘ಆದ್ದರಿಂದ’ ನಿಲ್ಲುವುದಿಲ್ಲ. ಎಂಡಿಎಂಎ 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ, ಎರಡು ಚಮಚ ಸಕ್ಕರೆಯಷ್ಟು. ಗಾಂಜಾ ಆದರೆ 20 ಕೆ.ಜಿ. ಮೀರಬೇಕು. ಆ ಗೆರೆ ದಾಟಿದ ಕೂಡಲೇ ಎನ್‌ಡಿಪಿಎಸ್ ಕಾಯ್ದೆಯ 37ನೇ ಕಲಂ ಎದ್ದು ನಿಲ್ಲುತ್ತದೆ: ಅಭಿಯೋಜಕರು (ಸರ್ಕಾರಿ ವಕೀಲರು) ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಕಾರಣವಿದೆ, ಹೊರಗೆ ಬಂದು ಮತ್ತೆ ಅಪರಾಧ ಮಾಡಲಾರ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಜಾಮೀನು ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ತೂಗಬಾರದು ಎಂಬ ನಿಯಮ ಒಂದು ಕಡೆ, ತಪ್ಪಿತಸ್ಥನಲ್ಲ ಎಂದು ಕಾಣಬೇಕೆಂಬ ಷರತ್ತು ಇನ್ನೊಂದು ಕಡೆ. ಸಿಟಿ ಸಿವಿಲ್ ಕೋರ್ಟಿನ ವರಾಂಡದಲ್ಲಿ ಕಾಯುವ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬಲ್ಲ ವಕೀಲರನ್ನು ನಾನಿನ್ನೂ ನೋಡಿಲ್ಲ. ನೀವು ಪ್ರಯತ್ನಿಸಬಹುದು.

ಹಾಗಾಗಿ ನ್ಯಾಯಾಧೀಶರು ಮಾಡುವ ಕೆಲಸ, ನನ್ನ ತಿಳಿವಳಿಕೆಯಲ್ಲಿ, ಹೀಗೆ: ಹೇಳಿಕೆಯ ಮೇಲೆ ಬೆರಳಿಟ್ಟು ಮುಚ್ಚಿ, ಕಡತದಲ್ಲಿ ಉಳಿದದ್ದನ್ನು ಓದುವುದು. ಬೆಂಗಳೂರಿನ ಎನ್‌ಸಿಬಿ ಹೂಡಿದ್ದ ಪ್ರಕರಣಗಳಲ್ಲೇ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಆರೋಪಿಯ ಅಥವಾ ಸಹ ಆರೋಪಿಯ 67ನೇ ಕಲಮಿನ ಹೇಳಿಕೆಯನ್ನು ಆಧಾರ ಮಾಡಿಕೊಂಡು ನಮ್ಮ ಹೈಕೋರ್ಟ್ ಕೊಟ್ಟ ಜಾಮೀನನ್ನು ಬುಡಮೇಲು ಮಾಡಲಾಗದು ಎಂದಿತು. ಫೋನ್ ಕರೆ ವಿವರಗಳನ್ನು ವಿಚಾರಣೆಯಲ್ಲಿ ನೋಡಿಕೊಳ್ಳಿ ಎಂದಿತು. ನಮ್ಮೂರಿನದೇ ಈ ಉದಾಹರಣೆ ನಿಮ್ಮ ಲೇಖನದಲ್ಲಿ ಇಲ್ಲ! ಆದರೆ ಅದೇ ವರ್ಷದ ಜುಲೈಯಲ್ಲಿ ಅದೇ ಕೋರ್ಟ್, ದೆಹಲಿ ಹೈಕೋರ್ಟ್ ಕೊಟ್ಟಿದ್ದ ಒಂದು ಜಾಮೀನನ್ನು ರದ್ದು ಮಾಡಿತು: ಹೇಳಿಕೆಯನ್ನು ಬದಿಗಿಟ್ಟರೂ ಉಳಿದ ಸಾಮಗ್ರಿ ಇತ್ತು, ಅದನ್ನು ನೋಡಬೇಕಿತ್ತು ಎಂದು. ಅದೇ ತಿಂಗಳು ಹರಿಯಾಣದ ಪ್ರಕರಣವೊಂದರಲ್ಲಿ, ತೂಫಾನ್ ಸಿಂಗ್ ತೀರ್ಪಿನ ಲಾಭವನ್ನು ರೆಗ್ಯುಲರ್ ಜಾಮೀನಿನ ಹೊತ್ತಿಗೋ ವಿಚಾರಣೆ ಮುಗಿದಾಗಲೋ ಕೇಳಿ, ನಿರೀಕ್ಷಣಾ ಜಾಮೀನಿಗೆ ಅದನ್ನು ತರಬೇಡಿ ಎಂಬರ್ಥದ ಮಾತು ಬಂತು. ಇವೆರಡನ್ನೂ ಬಿಟ್ಟು ಬರೆದರೆ ಎದುರು ಪಕ್ಷದ ವಕೀಲರೊಬ್ಬರು ನಮಗೆ ಪತ್ರ ಬರೆಯುತ್ತಾರೆ, ನಾನು ಅದನ್ನು ಅಚ್ಚು ಹಾಕಬೇಕಾಗುತ್ತದೆ.

ನಿಮ್ಮ ಕಡತದ ಮೇಲೂ ನಾನು ಬೆರಳಿಟ್ಟು ನೋಡಿದೆ. ಎ1ರ ಹೇಳಿಕೆ ಮುಚ್ಚಿದ ಮೇಲೆ ಉಳಿದದ್ದು ಹುಡುಗ ಮತ್ತು ಎ1ರ ನಡುವಿನ ಫೋನ್ ಕರೆಗಳು, ಮತ್ತೊಂದು ಯುಪಿಐ ಪಾವತಿ, 3,500 ರೂಪಾಯಿ. ಈ ಪಾವತಿಯನ್ನು ಒಂಬತ್ತನೆಯ ಪುಟದಲ್ಲಿ ಕಂಸದೊಳಗೆ, ಉಸಿರು ಬಿಗಿಹಿಡಿದು ಹೇಳಿ ಮುಗಿಸಿದ್ದೀರಿ. ಸ್ವಾಮಿ, ಓದುಗರು ಮೊದಲು ಹಿಡಿಯುವುದೇ ಅದನ್ನು. ಊಟ ತಲುಪಿಸುವ ಕೆಲಸದ ಹುಡುಗನಿಗೆ ಎ1 ಯಾಕೆ ಅಷ್ಟು ದುಡ್ಡು ಹಾಕಿದ? ಸಾಲ ತೀರಿಸಿದನೋ, ಚೀಟಿ ದುಡ್ಡೋ, ಪೊಟ್ಟಣ ಮುಟ್ಟಿಸಿದ ಕೂಲಿಯೋ? ಕಾನೂನಿನ ಮಾತು ಪಕ್ಕಕ್ಕಿರಲಿ, ನಿಮ್ಮ ಬರಹದ ಪ್ರಾಣ ಆ ಕಂಸದೊಳಗಿದೆ.

ನಾನೂ ಈ ‘ಒಪ್ಪಿಕೊಂಡ’ ಎಂಬ ಪದದಿಂದ ಕೈ ಸುಟ್ಟುಕೊಂಡವನು. ಅಪರಾಧ ವರದಿಗಾರನಾಗಿದ್ದಾಗ ಒಂದು ಠಾಣೆಯ ಟಿಪ್ಪಣಿ ನೋಡಿಕೊಂಡು ‘ಗಾಂಜಾ ಮಾರಾಟ: ತಪ್ಪೊಪ್ಪಿಕೊಂಡ ವಿದ್ಯಾರ್ಥಿ’ ಎಂದು ತಲೆಬರಹ ಕೊಟ್ಟೆ. ಹುಡುಗ ಖುಲಾಸೆಯಾದ ಮೇಲೆ ಅವನ ಅಪ್ಪ ಕಚೇರಿಗೆ ಬಂದರು. ಜಗಳವಾಡಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಆ ತುಣುಕನ್ನು ಮೇಜಿನ ಮೇಲಿಟ್ಟು, ‘ಇದನ್ನು ನೀವೇ ಇಟ್ಟುಕೊಳ್ಳಿ ಸಾರ್’ ಎಂದು ಹೊರಟುಹೋದರು. ಅದು ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ. ನಿಮ್ಮ ಲೇಖನದಲ್ಲಿ ಹುಡುಗನ ಪೂರ್ತಿ ಹೆಸರು, ಈಜಿಪುರದ ಅಡ್ಡರಸ್ತೆ, ಮನೆ ಮಾಲೀಕರ ಹೆಸರು ಎಲ್ಲ ಇದ್ದವು. ಎಲ್ಲವನ್ನೂ ಹೊಡೆದಿದ್ದೇನೆ. ವಾಪಸು ಹಾಕಬೇಡಿ.

ಏಳನೆಯ ಪುಟ ಮಾತ್ರ ಮುಟ್ಟಿಲ್ಲ. ಪರಪ್ಪನ ಅಗ್ರಹಾರದ ಸಂದರ್ಶಕರ ಸಾಲಿನಲ್ಲಿ ಅವನ ತಾಯಿ, ‘ಅವನು ಸೈನ್ ಹಾಕಿದಾನಂತೆ, ಏನಂತ ಬರೆದಿತ್ತು ಅಂತ ಅವನಿಗೇ ಗೊತ್ತಿಲ್ಲ’ ಎನ್ನುವ ಭಾಗ. ಅಲ್ಲಿಂದಲೇ ಶುರುಮಾಡಿ, 21ನೇ ವಿಧಿ ಪೂರ್ತಿ ಬಿಡಿ. 2023ರಲ್ಲಿ ಸುಪ್ರೀಂ ಕೋರ್ಟ್, ಏಳು ವರ್ಷಕ್ಕೂ ಮೇಲ್ಪಟ್ಟು ಒಳಗಿದ್ದ ಒಬ್ಬ ವಿಚಾರಣಾಧೀನ ಕೈದಿಗೆ 37ನೇ ಕಲಂ ಇದ್ದೂ ಜಾಮೀನು ಕೊಟ್ಟದ್ದನ್ನು ಉಳಿಸಿಕೊಳ್ಳಿ, ಎರಡು ಸಾಲು ಸಾಕು. ತಲೆಬರಹವನ್ನೂ ಬದಲಿಸಿ. ‘ಸುಳ್ಳು’ ಎಂದು ನೀವು ಎಲ್ಲಿಯೂ ತೋರಿಸಿಲ್ಲ. ತೋರಿಸಿರುವುದು ಬಳಸಲು ಬಾರದು ಎಂದು.

ಆ 3,500 ರೂಪಾಯಿ ಯಾತಕ್ಕೆಂದು ನೀವು ಹುಡುಗನನ್ನು ಕೇಳಿದ್ದೀರೋ ಇಲ್ಲವೋ ಲೇಖನದಿಂದ ತಿಳಿಯಲಿಲ್ಲ. ಕೇಳಿ. ಅವನು ಹೇಳುವುದರಲ್ಲಿ ಕಕ್ಷಿದಾರನ ಗುಟ್ಟು ಯಾವುದು, ಬರೆಯಲು ಬರುವುದು ಯಾವುದು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬರೆಯಲು ಬಾರದ್ದಾದರೆ ‘ಬರೆಯಲಾರೆ’ ಎಂದೇ ಬರೆಯಿರಿ, ಕಂಸದಲ್ಲಿ ಬಚ್ಚಿಡಬೇಡಿ. ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ಕಚೇರಿಯಲ್ಲಿರುತ್ತೇನೆ, ಕೋರ್ಟು ಮುಗಿಸಿಕೊಂಡು ಬನ್ನಿ.

ಇಂತಿ,
ಸಂಪಾದಕ